ದವಡೆ ಹಲ್ಲಿನ ಬೆಳ್ಳಿ ಸಿಮೆಂಟು

"ಅಕ್ಕಾರ, ಆಕಿ ಹಲ್ಲು ಕೊರಸಾಕಂತ ಬಂಕಾಪುರಕ್ಕ ಹೋಗ್ಯಾಳ್ರಿ. ನನ್ನ ಮಾತು ಕೇಳವಲ್ಲಳು. ನೀವಾರ ಹೋಗಿ ತಡೀರಿ."

ಕಳೆದ ಮಂಗಳವಾರ ಬೆಳಿಗ್ಗೆ ದುಂಡಸಿಯಿಂದ ಫೋನ್. ಮಾತಾಡಿದ್ದು ನನ್ನ ತಂಗಿಯ ಗಂಡ. ಹಲ್ಲು ಕೊರೆಸಲು ಹೋದವಳು ನನ್ನ ಒಬ್ಬಳೇ ತಂಗಿ ರೇಣುಕಾ. ಐದು ತಿಂಗಳ ಬಸುರಿ.

ಸ್ಕೂಟಿ ತೆಗೆದು ಶಿಗ್ಗಾವಿಯಿಂದ ಹೈವೇಗೆ ಬಿದ್ದೆ. ಗ್ಯಾಸ್ ಆರಿಸಿದ್ದೆನೋ ಇಲ್ಲವೋ, ಅದೂ ನೆನಪಿಲ್ಲ. (ಆರಿಸಿದ್ದೆ. ಮನೆ ಉಳಿದಿದೆ.)

ಹಲ್ಲು ಕೊರೆಸುವುದಕ್ಕೆ ಇಷ್ಟು ಗಾಬರಿಯೇ ಅಂತೀರಾ? ಕೇಳಿ.

ರೇಣುಕಾಳ ಮಗಳು ಆರಾಧ್ಯಾಗೆ ಈಗ ನಾಲ್ಕು ವರ್ಷ. ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ. ಮುಖ ಕೊಟ್ಟು ನೋಡುವುದಿಲ್ಲ. ಸ್ಟೀಲಿನ ತಟ್ಟೆ ಸಿಕ್ಕರೆ ತಾಸುಗಟ್ಟಲೆ ಗರಗರ ತಿರುಗಿಸುತ್ತಾ ಕೂರುತ್ತಾಳೆ. ಇನ್ನೂ 'ಅವ್ವಾ' ಅಂದಿಲ್ಲ. ಮಾತು ಬರಲೆಂದು ಅಜ್ಜಿ ಬಜೆ ಬೇರು ತೇದು ನಾಲಿಗೆಗೆ ಹಚ್ಚಿದ್ದೇ ಹಚ್ಚಿದ್ದು.

ಆ ಮಂಗಳವಾರದ ಹಿಂದಿನ ವಾರ ರೇಣುಕಾಳ ವಾಟ್ಸಾಪಿಗೆ ಒಂದು ವಿಡಿಯೋ ಬಂತು. ಹಲ್ಲಿಗೆ ತುಂಬುವ ಬೆಳ್ಳಿ ಸಿಮೆಂಟಿನಲ್ಲಿ ಪಾದರಸ ಇರುತ್ತದಂತೆ. ಬಸುರಿಯ ಬಾಯಿಂದ ಅದು ಕೂಸಿನ ಮೆದುಳಿಗೆ ಇಳಿದು ಆಟಿಸಂ ಬರುತ್ತದಂತೆ. ಹಿನ್ನೆಲೆಯಲ್ಲಿ ಎದೆ ನಡುಗಿಸುವ ಸಂಗೀತ ಬೇರೆ.

ಆರಾಧ್ಯಾ ಹೊಟ್ಟೆಯಲ್ಲಿದ್ದಾಗ ರೇಣುಕಾ ಅದೇ ಸಿಮೆಂಟು ತುಂಬಿಸಿಕೊಂಡಿದ್ದಳು. ಕುಬಸದ ದಿನಗಳು. ಬಂದವರೆಲ್ಲ ಬಸುರಿಗೆ ಹೋಳಿಗೆ, ಉಂಡಿ ತಿನ್ನಿಸುವವರೇ. ಇವಳು ದವಡೆ ನೋವಿಗೆ ಗಲ್ಲ ಹಿಡಿದುಕೊಂಡು ಅಳುತ್ತಿದ್ದಳು. ಕೈಹಿಡಿದು ಹಲ್ಲಿನ ದವಾಖಾನೆಗೆ ಕರೆದುಕೊಂಡು ಹೋದವಳು ಯಾರು? ನಾನೇ.

ಈಗ ಎರಡನೆಯದು ಹೊಟ್ಟೆಯಲ್ಲಿದೆ. ವಿಡಿಯೋ ನೋಡಿದವಳಿಗೆ ನಿದ್ದೆ ಹೇಗೆ ಬರಬೇಕು? ಸಿಮೆಂಟು ತೆಗೆಸಲು, ಅವತ್ತು ಅದನ್ನು ತುಂಬಿದ್ದ ಹಲ್ಲಿನ ಡಾಕ್ಟರ್ ಬಳಿಗೇ ಓಡಿದಳು. ಅವರು "ಗಟ್ಟಿ ಕುಂತೈತಿ, ಹೆರಿಗಿ ಆಗೂತನಕ ಮುಟ್ಟೂದು ಬ್ಯಾಡ" ಎಂದು ವಾಪಸ್ ಕಳಿಸಿದರು. ಅದಕ್ಕೇ ಬಂಕಾಪುರದ ಸಣ್ಣ ಅಂಗಡಿ ಹಿಡಿದಳು. ಅಲ್ಲಿರುವವನು ವಯಸ್ಸಾದವರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವವನು. ಡಾಕ್ಟರ್ ಅಲ್ಲ, ಆದರೆ ಕೊರೆಯುವ ಮಷೀನ್ ಇಟ್ಟಿದ್ದಾನೆ.

ನಾನು ನುಗ್ಗಿದಾಗ ರೇಣುಕಾ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಳು. ಮಷೀನು ಗುಂಯ್ ಅನ್ನುತ್ತಿತ್ತು.

"ಏ, ನಿಲ್ಲಸ್ರಿ!"

ನನ್ನ ಕಿರುಚಾಟಕ್ಕೆ ಪಕ್ಕದ ಚಹದಂಗಡಿಯವರೂ ಇಣುಕಿದರು.

"ಐದ ಮಿನಿಟಿನ ಕೆಲಸ ಐತ್ರಿ ಅಕ್ಕಾರ," ಅಂದ ಆತ. ಮಷೀನು ಮಾತ್ರ ಆರಿಸಿದ.

"ತಗಸೇ ತಗಸ್ತೇನಿ," ಅಂದಳು ರೇಣುಕಾ. "ಅಡ್ಡ ಬರಬ್ಯಾಡ ಅಕ್ಕಾ. ಅವತ್ತ ನೀನ ಹಾಕಿಸಿದ್ದು."

ಮೈಯೆಲ್ಲ ಉರಿದುಹೋಯಿತು. ಜಗಳಕ್ಕೆ ಹೊತ್ತಿರಲಿಲ್ಲ. ಅದೇ ಹಲ್ಲಿನ ಡಾಕ್ಟರ್‌ಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

"ಸಿಮೆಂಟಿನಿಂದ ಆಟಿಸಂ ಬರ್ತೈತಿ ಅನ್ನಾಕ ಪುರಾವೆ ಇಲ್ಲವಾ," ಅಂದರು ಅವರು. "ಪಾದರಸ ಇರೂದು ಖರೆ. ಅದಕ್ಕ ಈಗ ಬಸುರೇರಿಗೆ, ಸಣ್ಣ ಹುಡುಗೂರಿಗೆ ಬ್ಯಾರೇದು ಹಾಕ್ತೇವಿ. ಆದ್ರ ಗಟ್ಟಿ ಇದ್ದದ್ದನ್ನ ಕೊರದ್ರ ಪಾದರಸದ ಆವಿ ಏಳತೈತಿ. ಯಾವುದಕ್ಕ ಹೆದರಾಕತ್ತೀಯೋ, ಅದನ್ನ ನೀನ ಒಳಗ ಎಳಕೊಂಡಂಗ ಆಗತೈತಿ."

ರೇಣುಕಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಅವಳ ಅಳು ತಡೆಯಲು ಯಾರಿಂದಲೂ ಆಗಲಿಲ್ಲ.

"ಹಂಗಾರ ನನ್ನ ಮಗಳಿಗೆ ಯಾಕ ಹಿಂಗಾತ್ರಿ? ಈ ಕೂಸೂ ಹಂಗ ಆದ್ರ?"

"ಅದನ್ನ ಮಕ್ಕಳ ಡಾಕ್ಟರು ನೋಡಿ ಹೇಳಬೇಕವಾ. ತೋರಿಸೀರೇನು?"

ರೇಣುಕಾ ಪರ್ಸಿನಿಂದ ಒಂದು ಚೀಟಿ ತೆಗೆದಳು. ನಾಲ್ಕು ಮಡಿಕೆ, ಅಂಚು ಹರಿದಿತ್ತು. ಆರಾಧ್ಯಾಳನ್ನು ನೋಡಿದ್ದ ಮಕ್ಕಳ ಡಾಕ್ಟರು ಒಂದೂವರೆ ವರ್ಷದ ಹಿಂದೆ ಬರೆದುಕೊಟ್ಟದ್ದು: ಮಾತು ಮತ್ತು ಬೆಳವಣಿಗೆಯ ತಪಾಸಣೆಗೆ ಹುಬ್ಬಳ್ಳಿಗೆ ಹೋಗಬೇಕು.

"ಹೋಗಲಿಲ್ಲ ಯಾಕ?" ಗದರಿದೆ.

"ನೀನ ಅಂದೆಲ್ಲ ಅಕ್ಕಾ. ನಮ್ಮ ಮನಿತನದಾಗ ಎಲ್ಲಾರೂ ತಡಾನ ಮಾತಾಡೂದು, ಸುಮ್ನ ಯಾಕ ಅಡ್ಡಾಡ್ತಿ ಅಂತ."

ಅಂದಿದ್ದೆ. ಶೇಂಗಾ ಸುಲಿಯುತ್ತಾ ಅಂದಿದ್ದೆ.

ಈ ಅಂಕಣ ಓದುವ ನಿಮಗೆ ಗೊತ್ತು, ಪುಕ್ಕಟೆ ಸಲಹೆ ಕೊಡುವುದರಲ್ಲಿ ನನ್ನದು ಎತ್ತಿದ ಕೈ. ಆ ವಿಡಿಯೋ ಮಾಡಿದವರನ್ನು ಇವತ್ತು ಚೆನ್ನಾಗಿ ಝಾಡಿಸಬೇಕು ಅಂತಲೇ ಬರೆಯಲು ಕೂತೆ. ಆದರೆ ಯಾವ ಮುಖ ಇಟ್ಟುಕೊಂಡು? ಅವರ ಹಾಗೆ ನಾನೂ ಗೊತ್ತಿಲ್ಲದ್ದನ್ನು ಗೊತ್ತಿದ್ದವಳಂತೆ ಹೇಳಿದ್ದೆ. ನನ್ನ ಮಾತಿಗೆ ಹಿನ್ನೆಲೆ ಸಂಗೀತ ಇರಲಿಲ್ಲ, ಅಷ್ಟೇ.

ಗುರುವಾರ ಆರಾಧ್ಯಾಳನ್ನು ಕರೆದುಕೊಂಡು ಹುಬ್ಬಳ್ಳಿ ಬಸ್ ಹತ್ತಿದೆವು. ತಪಾಸಣೆ ಮಧ್ಯಾಹ್ನದವರೆಗೆ ನಡೆಯಿತು. ಆಟಿಸಂ ಅಂತಲೇ ಹೇಳಿದರು. ಇಂಥದ್ದೇ ಕಾರಣ ಅಂತ ಬೊಟ್ಟು ಮಾಡಲು ಬರುವುದಿಲ್ಲ, ತಾಯಿಯ ತಪ್ಪಂತೂ ಅಲ್ಲ, ಥೆರಪಿ ಬೇಗ ಶುರುವಾದಷ್ಟೂ ಒಳ್ಳೆಯದು ಅಂದರು.

"ಮೊದಲ ಬಂದಿದ್ರ?" ರೇಣುಕಾ ಕೇಳಿದಳು.

"ಈಗ ಬಂದೀರಲ್ಲ," ಅಂದರು ಅಲ್ಲಿಯ ಡಾಕ್ಟರ್. ಒಳ್ಳೆಯವರು. ರೇಣುಕಾ ನನ್ನ ಕಡೆ ನೋಡಲಿಲ್ಲ.

'ತಡವಾಗಿ ಮಾತಾಡುತ್ತೆ ಬಿಡು' ಅಂತ ನೀವು ಕೊನೆಯ ಸಲ ಹೇಳಿದ್ದು ಯಾವ ತಾಯಿಗೆ?