ಕೋಟೆ ಬಾಯಿಬಿಟ್ಟ ಶುಕ್ರವಾರ

ನಮ್ಮ ಶ್ರಾವ್ಯ ಮೊನ್ನೆ ದೋಹಾದಲ್ಲಿ ಒಂದು ಕೋಟೆಯನ್ನೇ ಗೆಲ್ಲಿಸಿಬಿಟ್ಟಳು ಮಾರಾಯ್ರೆ! ಕತ್ತಿ ಇಲ್ಲ, ಕುದುರೆ ಇಲ್ಲ. ಬರೀ ಬಾಯಿ.

ಶ್ರಾವ್ಯ ನನ್ನ ಮಗಳ ಮಗಳು. ದೋಹಾ ಪಕ್ಕದ ಅಲ್ ವುಕೈರಿನ ಫ್ಲ್ಯಾಟಿನಲ್ಲೇ ಬೆಳೆದವಳು. ಶಾಲೆಯ ಟೂರಿಗೆ ಜರ್ಮನಿಗೆ ಹೋದಾಗ ಗುಡ್ಡದ ಮೇಲಿನ ಹಳೇ ಕೋಟೆಯಲ್ಲಿ ಮಲಗಿದ್ದಳಂತೆ, ಮಗಳು ಹೇಳಿದಳು. ಅದೀಗ ಹಾಸ್ಟೆಲ್! ಮೊದಲು ದೊರೆಯ ಮನೆ, ಆಮೇಲೆ ಜೈಲು, ನಡುವೆ ಬಡವರ ಆಸ್ಪತ್ರೆ. ಈಗ ಊರೂರು ತಿರುಗುವ ಮಕ್ಕಳಿಗೆ ಮೇಲೊಂದು ಕೆಳಗೊಂದು ಮಂಚ.

"ಇದನ್ನು ತಾಳಮದ್ದಳೆಯಲ್ಲಿ ಹೇಳು" ಎಂದೆ.

ತಾಳಮದ್ದಳೆ ಗೊತ್ತಲ್ಲ? ವೇಷವಿಲ್ಲದ ಯಕ್ಷಗಾನ. ಕೂತು ವಾದಿಸಬೇಕು. ಒಂದು ಇಂಗ್ಲಿಷ್ ಶಬ್ದ ಜಾರಿದರೆ ಮರ್ಯಾದೆ ಖಲಾಸ್! (ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಕನ್ನಡ ಕಲಿತದ್ದು ಮದ್ದಳೆಯ ಪಕ್ಕ ಕೂತೇ.)

"ಅಜ್ಜಿ, ಐ ವಿಲ್ ಫ್ರೀಜ್!"

"ಮಾಫಿ ಫ್ರೀಜ್. ಯಲ್ಲಾ, ಶುರು ಮಾಡು!" (ಇಲ್ಲಿನ ಅರಬ್ಬಿಯಲ್ಲಿ ಮಾಫಿ ಎಂದರೆ ಇಲ್ಲ, ಯಲ್ಲಾ ಎಂದರೆ ನಡಿ.)

ಅವಳ ಹೆದರಿಕೆ ಸುಳ್ಳಲ್ಲ. ಕಳೆದ ವರ್ಷ ವೇದಿಕೆಯಲ್ಲಿ "ಆಕ್ಚುಲಿ" ಎಂದಿದ್ದಕ್ಕೆ ಸಭೆಯೇ ನಕ್ಕಿತ್ತು. ಅಂದಿನಿಂದ ಮನೆಯಲ್ಲೂ ಕನ್ನಡ ಬಂದ್. ನನಗೋ ನಾಲ್ಕು ಶಬ್ದ ಬಿಟ್ಟರೆ ಇಂಗ್ಲಿಷ್ ಬಾರದು. ಈ ಸಲವೂ ನಕ್ಕರೆ ನಾವಿಬ್ಬರೂ ಮಾತಾಡುವುದು ಯಾವ ಭಾಷೆಯಲ್ಲಿ?

ಆ ಶುಕ್ರವಾರ ವೇದಿಕೆಯಲ್ಲಿ ಅವಳ ಎದುರು ಕೂತವರು ಸದಾಶಿವಣ್ಣ. ದೋಹಾದ ಅಲ್ ಸದ್ದ್‌ನಲ್ಲಿ ಮ್ಯಾನೇಜರ್, ರಜೆಯ ಶುಕ್ರವಾರ ಮಾತ್ರ ಪಾತ್ರವಾಗಿ ವಾದಿಸುವ ಅರ್ಥಧಾರಿ. ಅವರು ಕೋಟೆ ಕಟ್ಟಿಸಿದ ದೊರೆ, ಇವಳೇ ಕೋಟೆ.

"ಎಲೈ ಕೋಟೆಯೇ! ಶತ್ರುಗಳು ನಿನ್ನ ಬಾಗಿಲು ಮುಟ್ಟಲು ನಡುಗುತ್ತಿದ್ದರು. ಇಂದು ಗಂಟು ಹೊತ್ತ ದಾರಿಹೋಕರು ನಿನ್ನ ಮಡಿಲಲ್ಲಿ ಗೊರಕೆ ಹೊಡೆಯುತ್ತಾರೆ. ನಾಚಿಕೆಯಿಲ್ಲವೇ? ನಿನ್ನನ್ನು ಏನೆಂದು ಕರೆಯಲಿ?"

ಸಿಕ್ಕಿಬಿದ್ದಳು! 'ಹಾಸ್ಟೆಲ್' ಅವಳ ನಾಲಿಗೆಯ ತುದಿಗೆ ಬಂದದ್ದು ನನಗೇ ಕಂಡಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ತಿರುಗಿ ನೋಡಿದ ನೋಟಕ್ಕೆ ಸುಮ್ಮನಾದರು.

ಶ್ರಾವ್ಯ ಒಂದು ಉಸಿರೆಳೆದು ದೊರೆಯತ್ತ ತಿರುಗಿದಳು.

"ಛತ್ರ ಎಂದು ಕರೆ, ದೊರೆಯೇ! ನಿನ್ನ ಕಾಲದಲ್ಲಿ ಹೆದರಿ ಬಾಗಿಲು ಹಾಕುತ್ತಿದ್ದೆ. ನೀನೂ ನಿದ್ದೆ ಮಾಡಲಿಲ್ಲ, ನನಗೂ ಬಿಡಲಿಲ್ಲ. ಈಗ ನಿನ್ನ ಶತ್ರುಗಳ ಮೊಮ್ಮಕ್ಕಳೇ ಬಂದು ಹಾಯಾಗಿ ಮಲಗುತ್ತಾರೆ. ಗೆದ್ದವರು ಯಾರು? ನೀನೋ, ನಾನೋ?"

ಚಪ್ಪಾಳೆಗೆ ಹಾಲ್ ಅದುರಿತು. ಸದಾಶಿವಣ್ಣ ದೊರೆತನವನ್ನೇ ಮರೆತು "ಸೂಪರ್ ಮಗಾ!" ಎಂದು ಕಿರುಚಿದರು. (ಹೌದು, ಅವರೇ!)

ಅಲ್ ವುಕೈರ್ ತಲುಪುವವರೆಗೂ ಕಾರಿನಲ್ಲಿ ಅವಳದೇ ಮಾತು. ತಪ್ಪುತಪ್ಪು ಕನ್ನಡ, ಆದರೂ ಕನ್ನಡ. ನಾನು ಹೂಂ ಎನ್ನುವುದಕ್ಕೂ ಜಾಗ ಕೊಡಲಿಲ್ಲ.

ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ಕೊರಗುವವರೇ, ಅವರು ತಡವರಿಸುವಾಗ ಒಂದು ಉಸಿರಿನಷ್ಟಾದರೂ ಕಾದಿದ್ದೀರಾ?