ಖಾಲಿ ಓಡಿದ ತುಂಬಿದ ಬಸ್ಸು

ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮರುವರ್ಷ ನಾನು ಹನೂರು ಬಸ್ ನಿಲ್ದಾಣದಲ್ಲಿ ಟ್ರಾಫಿಕ್ ಕಂಟ್ರೋಲರ್. ಯಾವ ಬಸ್ಸು ಯಾವಾಗ ಬಂತು, ಯಾವಾಗ ಹೊರಟಿತು ಎಂದು ನೋಡಿಕೊಳ್ಳುವ ಕೆಲಸ.

ಅಜ್ಜೀಪುರದಿಂದಾಚೆ ಕಾಡಂಚಿನ ಒಂದು ಊರಿಗೆ ಬಸ್ಸೇ ಇರಲಿಲ್ಲ. ಆನೆ ದಾಟುವ ದಾರಿಯಲ್ಲಿ ದೂರದ ಹೈಸ್ಕೂಲಿಗೆ ನಡೆಸಿ ಕಳಿಸಲು ಹೆದರಿ, ಅಲ್ಲಿಯವರು ಹೆಣ್ಣುಮಕ್ಕಳನ್ನು ಏಳನೇ ತರಗತಿಗೇ ಶಾಲೆ ಬಿಡಿಸುತ್ತಿದ್ದರು. ಕೂಲಿ ಮಾಡುವ ಸಿದ್ದಮ್ಮನ ಮಗಳೂ ಆ ಸಲ ಏಳು ಮುಗಿಸಿದ್ದಳು. ಸಿದ್ದಮ್ಮ ಊರಿನ ಹೆಂಗಸರನ್ನು ಕಟ್ಟಿಕೊಂಡು ಬಂದು ನಮ್ಮ ನಿಲ್ದಾಣದಲ್ಲಿ ಬಸ್ಸುಗಳಿಗೆ ಅಡ್ಡ ಕೂತಳು. ಬೈಸಿಕೊಂಡರು, ಬಿಸಿಲಲ್ಲಿ ಬೆಂದರು, ಪೊಲೀಸರು ಎಬ್ಬಿಸಿದರೆ ಮತ್ತೆ ಬಂದು ಕೂತರು. ಕೊನೆಗೆ ಬಸ್ಸು ಮಂಜೂರಾಯಿತು.

ಮೊದಲ ದಿನ ಬಸ್ಸಿಗೆ ಬಾಳೆಕಂದು ಕಟ್ಟಿದರು. ಒಬ್ಬ ಮುಖಂಡ ಡ್ರೈವರ್ ಸೀಟಿನಲ್ಲಿ ಕೂತು ಫೋಟೊ ತೆಗೆಸಿಕೊಂಡ. ಧರಣಿಯ ದಿನಗಳಲ್ಲಿ ಈ ಮನುಷ್ಯ ಆ ಕಡೆ ತಲೆ ಹಾಕಿರಲಿಲ್ಲ. ಸಿದ್ದಮ್ಮನನ್ನು ಯಾರೂ ಹತ್ತಿರಕ್ಕೂ ಕರೆಯಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಮೇಲಿನಿಂದ ಆದೇಶ ಬಂತು: ಪ್ರಯಾಣಿಕರಿಲ್ಲ, ಟ್ರಿಪ್ ರದ್ದು. ನನಗೆ ಮೈಯೆಲ್ಲ ಉರಿಯಿತು. ಹಾಗಾದರೆ ಬಾಗಿಲಲ್ಲಿ ನೇತಾಡಿಕೊಂಡು ಬರುತ್ತಿದ್ದವರು ಯಾರು? ಮಾರನೇ ದಿನ ನಾನೇ ಆ ಬಸ್ಸು ಹತ್ತಿ ನೋಡಿದೆ. ಹೆಂಗಸರಿಗೂ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡಬೇಕು. ಎಷ್ಟು ಜನ ಬಂದರೆಂಬ ಲೆಕ್ಕ ಸಿಗುವುದು ಅದರಿಂದಲೇ. ಕಂಡಕ್ಟರ್ ಇದ್ದ ನಾಲ್ಕೈದು ಗಂಡಸರಿಗೆ ಮಾತ್ರ ಕೊಡುತ್ತಿದ್ದ.

“ದುಡ್ಡೇ ಬರಲ್ವಲ್ಲ ಸಾ, ಈ ನೂಕಾಟ್ದಲ್ಲಿ ಯಾರ್ ಅರ್ದು ಕೊಟ್ಟಾರು?” ಎಂದ.

ಟಿಕೆಟ್ ಮಷಿನ್ ಪ್ರಕಾರ ಆ ತುಂಬಿದ ಬಸ್ಸು ತಿಂಗಳಿಡೀ ಖಾಲಿ ಓಡಿತ್ತು! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ಮೇಲಧಿಕಾರಿಗೆ ಫೋನ್ ಮಾಡಿ ಕಣ್ಣಾರೆ ಕಂಡದ್ದನ್ನು ಹೇಳಿದೆ. “ಮಷಿನ್ ಹೇಳಿದ್ದೇ ಲೆಕ್ಕ ಕಣ್ರಿ,” ಎಂದರು. ಜಗಳವಾಡಿಯೇ ಒಂದು ವಾರದ ಗಡುವು ಪಡೆದೆ.

ನಾನು ಹೇಳಿದ ವಿಷಯ ಕೇಳಿ ಸಿದ್ದಮ್ಮ ಅಳಲಿಲ್ಲ, ಬೈಯಲಿಲ್ಲ. “ಬಸ್ ಬಂತಲ್ಲ ಅಂತ ನಾವೂ ಮೈಮರ್ತ್ಬುಟ್ಟೋ ಸಾ. ನಾಳಿಂದ ನೋಡಿ,” ಎಂದಳು.

ಮರುದಿನದಿಂದ ಎಲ್ಲರ ಕೈಗೂ ಟಿಕೆಟ್ ಬರುವವರೆಗೆ ಹೆಂಗಸರು ಬಸ್ಸನ್ನು ಕದಲಲು ಬಿಡಲಿಲ್ಲ. ಮಾದಪ್ಪನ ಬೆಟ್ಟಕ್ಕೆ ಹೊರಟ ಹಣ್ಣುಹಣ್ಣು ಮುದುಕಿಯೂ ಕೈ ಚಾಚಿ ಟಿಕೆಟ್ ಕೇಳಿದಳು. ವಾರದ ಲೆಕ್ಕ ಹೋಯಿತು, ರದ್ದತಿ ಬಿದ್ದುಹೋಯಿತು.

ಹೋರಾಟ ದೊಡ್ಡದೋ ಗೆಲುವು ದೊಡ್ಡದೋ ಎಂದು ವೇದಿಕೆ ಮೇಲೆ ಚರ್ಚೆ ಮಾಡುವವರಿಗೆ ನಾನು ಹೇಳುವುದಿಷ್ಟೆ: ಗೆದ್ದ ದಿನ ಎಲ್ಲರೂ ಬರುತ್ತಾರೆ, ಗೆದ್ದದ್ದನ್ನು ಕಾಯಲು ಮರುದಿನ ಯಾರು ಬರುತ್ತಾರೆ ನೋಡಿ. ನನ್ನ ಕೆಲಸ ನನಗೆ ಕಲಿಸಿದ್ದು ಅದನ್ನೇ.

ಬಸ್ಸು ಉಳಿದ ಸುದ್ದಿ ತಿಳಿದು ಅದೇ ಮುಖಂಡ ಮತ್ತೆ ಹಾರ ಹಿಡಿಸಿಕೊಂಡು ಆ ಊರಿಗೆ ಬಂದ. ಅಂದು ನಾನೂ ಬಸ್ಸಿನಲ್ಲಿದ್ದೆ. ಮಗಳನ್ನು ಸೀಟಿನಲ್ಲಿ ಕೂರಿಸಿ ಬಾಗಿಲಿಗೆ ಬಂದ ಸಿದ್ದಮ್ಮ ಅವನಿಗೆ ಹೇಳಿದಳು:

“ಆರ ಆಮ್ಯಾಕ್ ಆಕ್ಕೊಳ್ಳಿ ಸಾಮಿ. ಮೊದ್ಲು ಕಂಡಕ್ಟ್ರು ಟಿಕೇಟ್ ಅರೀಲಿ, ಮಕ್ಳಿಗೆ ಇಸ್ಕೂಲ್ಗೆ ಒತ್ತಾಯ್ತದೆ.”