ಬಾಂಗ್‌ನ ಆ್ಯಪಿನಲ್ಲಿ ಇಲ್ಲದ ತಿಂಗಳು

ಬಾಂಗ್ ಯಾರನ್ನೂ ಏನನ್ನೂ ಕೇಳುವ ಪೈಕಿ ಅಲ್ಲ. ಇಪ್ಪತ್ತೆಂಟು ವರ್ಷ ನಾಮ್ ದಿನ್ ಪಟ್ಟಣದ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿದ. ದಾರಿ ತಪ್ಪಿದಾಗಲೂ ಕೇಳಲಿಲ್ಲ. ಐವತ್ತಮೂರಕ್ಕೆ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ, ಮೊಬೈಲ್ ಆ್ಯಪ್ ಬರೆಯುವುದನ್ನು ತಾನೇ ಕಲಿಯುತ್ತೇನೆಂದು ಹೊರಟ. ಮೂವತ್ತು ದಿನದಲ್ಲಿ ಕಲಿಸುತ್ತೇನೆಂದು ವೀಡಿಯೊದಲ್ಲಿ ಹಲ್ಲು ಕಿರಿಯುವವನೊಬ್ಬ ಸಿಕ್ಕಿದ್ದ. ಅಂಥವರಿಗೆ ಇಂಥವರೇ ಬೇಕು.

ಮೊದಲ ಪಾಠಕ್ಕೆ ಪರದೆಯ ಮೇಲೆ ‘ನಮಸ್ಕಾರ, ಪ್ರಪಂಚ’ ಎಂದು ಮೂಡಿತು. ಅದನ್ನು ಹಿಡಿದುಕೊಂಡು ಹೋಗಿ ಐಸ್ ಚಹಾದ ಅಂಗಡಿಯಲ್ಲಿ ಕೂತಿದ್ದ ಹನ್ನೊಂದು ಜನಕ್ಕೂ ತೋರಿಸಿದ. ಪ್ರಪಂಚ ತಿರುಗಿ ನಮಸ್ಕಾರ ಹೇಳಲಿಲ್ಲ. ಎರಡನೇ ವಾರ ಎಲ್ಲೋ ಒಂದು ಬ್ರಾಕೆಟ್ ಮುಚ್ಚಲು ಮರೆತು, ಪರದೆ ತುಂಬ ಕೆಂಪು ಸಾಲುಗಳು ಬಂದು, ನಾಲ್ಕು ದಿನ ಊಟಕ್ಕೆ ಕೂತಾಗಲೂ ಗೊಣಗಿದ. ಎದುರುಮನೆಯಲ್ಲೇ ಕಂಪ್ಯೂಟರ್ ಮೇಷ್ಟರಿದ್ದರು. ಅವರನ್ನು ಕೇಳುವುದೇ? ಛೆ! ಐದನೇ ದಿನ ತಾನೇ ಕಂಡುಹಿಡಿದು ಬೀದಿಗೆಲ್ಲ ಕೇಳುವಂತೆ ನಕ್ಕ. ಆ ನಗು ಮಾತ್ರ ನಿಜವಾದ ಖುಷಿಯದು, ಅಷ್ಟನ್ನು ಒಪ್ಪಿಕೊಳ್ಳೋಣ.

ಅವನು ಬರೆದದ್ದು ಮನೆತನದ ತಿಥಿಗಳ ಆ್ಯಪ್. ಸತ್ತವರು ಹತ್ತೊಂಬತ್ತು, ಇದ್ದವರು ನಲವತ್ತಮೂರು; ಚಾಂದ್ರಮಾನದ ಲೆಕ್ಕದಲ್ಲಿ ಯಾರ ತಿಥಿ ಬಂದರೂ ಎಲ್ಲರ ಫೋನೂ ಮುನ್ನಾದಿನವೇ ಗಂಟೆ ಬಾರಿಸಬೇಕು. ಅಲ್ಲಿಯವರೆಗೆ ಆ ಕೆಲಸ ಅವನ ಅಕ್ಕ ಲುಯೆನ್‌ಳದಾಗಿತ್ತು. ತಾಯಿಯ ಮನೆಯಲ್ಲಿದ್ದುಕೊಂಡು ಪೂರ್ವಜರ ಪೀಠ ನೋಡಿಕೊಳ್ಳುತ್ತಿದ್ದ ಅವಳು, ಎಣ್ಣೆ ಮೆತ್ತಿದ ನೋಟುಬುಕ್ ನೋಡಿ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದಳು.

“ಅಕ್ಕಾ, ಆ ಚಿಂದಿ ಪುಸ್ತಕ ಒಲೆಗೆ ಹಾಕು. ಇನ್ಮೇಲೆ ಎಲ್ಲಾ ಇದ್ರಲ್ಲೇ,” ಎಂದ ಬಾಂಗ್.

“ನನ್ ಹತ್ರ ಒಂದ್ಸಲ ತಾಳೆ ನೋಡ್ಬಾರ್ದೇನೋ?”

“ನಿನ್ ಹತ್ರಾನಾ? ಹೋದ ವರ್ಷದ್ದೆಲ್ಲಾ ಹಾಕಿ ನೋಡಿದೀನಿ. ಒಂದೂ ತಪ್ಪಿಲ್ಲ.”

“ಹಂಗಾದ್ರೆ ಸರಿ ಬಿಡಪ್ಪಾ, ಮಹಾಪಂಡಿತ,” ಎಂದು ಅವಳು ಒಲೆಯ ಕಡೆ ತಿರುಗಿದಳು.

ಸಂಬಂಧಿಕರು ಹೊಗಳಿದ್ದೇ ಹೊಗಳಿದ್ದು. ಲುಯೆನ್‌ಳ ಫೋನಿಗೆ ಯಾರೂ ಕಾಯಲಿಲ್ಲ, ಅವಳೂ ಮಾಡಲಿಲ್ಲ.

ತಾಯಿಯ ತಿಥಿ ಏಳನೇ ತಿಂಗಳ ಮೂರನೇ ದಿನ. ಫೋನುಗಳು ಗಂಟೆ ಬಾರಿಸಿದವು. ಭಾನುವಾರ ಬೆಳಿಗ್ಗೆ ಹನೋಯ್‌ನಿಂದ, ಹೈಫಾಂಗ್‌ನಿಂದ ಹಣ್ಣಿನ ಬುಟ್ಟಿ, ಹೂವು ಹಿಡಿದು ಎಲ್ಲರೂ ಬಂದಿಳಿದರು. ಲುಯೆನ್ ಅಂಗಳದಲ್ಲಿ ಮೀನು ಶುಚಿಮಾಡುತ್ತಿದ್ದಳು. ಪೀಠದ ಮೇಲೆ ಹೂವಿಲ್ಲ, ಒಲೆಯ ಮೇಲೆ ಪಾತ್ರೆಯಿಲ್ಲ. ಬಾಂಗ್‌ನ ಎದೆ ಉಬ್ಬಿತು. ಎಲ್ಲರೆದುರು ಅಕ್ಕನನ್ನು ತರಾಟೆಗೆ ತೆಗೆದುಕೊಂಡ.

“ಅಮ್ಮನ ತಿಥೀನೇ ಮರೆತ್ಯಾ? ನೋಡಿ, ಇದಕ್ಕೇ ಹೇಳಿದ್ದು ನಾನು!”

ಲುಯೆನ್ ಕೈ ಒರೆಸಿಕೊಂಡು ಒಳಗೆ ಹೋದಳು. ದಿನಕ್ಕೊಂದು ಹಾಳೆ ಹರಿಯುವ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು ತಂದು ಅವನ ಮೂಗಿನ ಕೆಳಗೆ ಹಿಡಿದಳು.

“ಓದೋ. ಮೀಟರ್ ಓದ್ದೋನು ನೀನು, ಇದೂ ಓದು. ಈ ವರ್ಷ ಅಧಿಕ ಮಾಸ. ಆರನೇ ತಿಂಗಳು ಎರಡು ಸಲ. ಅಮ್ಮನ ತಿಥಿಗೆ ಇನ್ನೂ ಒಂದು ತಿಂಗಳಿದೆ.”

ಬಾಂಗ್‌ನ ಆ್ಯಪು ಹೊಸ ವರ್ಷದಿಂದ ಹನ್ನೆರಡು ತಿಂಗಳು ಎಣಿಸುತ್ತಿತ್ತು, ಅಷ್ಟೇ. ಹದಿಮೂರು ಬರುವ ವರ್ಷವೂ ಉಂಟೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಇಂಥದೇ ಕ್ಯಾಲೆಂಡರ್ ಆ ನಲವತ್ತಮೂರು ಜನರ ಗೋಡೆಯ ಮೇಲೂ ಇತ್ತು. ಒಬ್ಬರಾದರೂ ಫೋನಿನಿಂದ ತಲೆಯೆತ್ತಿ ನೋಡಬಾರದೆ?

ಚಿಕ್ಕಪ್ಪ ತೀರ್ಮಾನ ಕೊಟ್ಟರು: “ಬಂದಾಯ್ತಲ್ಲ, ಊದುಬತ್ತಿ ಹಚ್ಚೋಣ. ಮುಂದಿನ್ ತಿಂಗಳು ಸೋಮವಾರ ಬೀಳತ್ತೆ, ಯಾರಿಗೆ ರಜೆ ಸಿಗತ್ತೆ? ನಿಮ್ಮಮ್ಮ ಬೇಜಾರ್ ಮಾಡ್ಕೊಳಲ್ಲ.” ಎಲ್ಲರೂ ಪ್ಯಾಕೆಟ್ಟಿನ ನೂಡಲ್ಸ್ ತಿಂದು, ಬಾಂಗ್‌ನ ಬೆನ್ನು ತಟ್ಟಿ ನಗಾಡಿಕೊಂಡು ಹೋದರು. ‘ಈ ವರ್ಷದ್ದು ಮುಗಿದಿದೆ’ ಎಂದು ಆ್ಯಪು ಹಸಿರು ಗುರುತು ಹಾಕಿಕೊಂಡಿತು.

ಆ ಒಂದು ತಿಂಗಳು ಬಾಂಗ್ ಚಹಾದಂಗಡಿಯ ಕಡೆ ಸುಳಿಯಲಿಲ್ಲ. ಆ್ಯಪನ್ನು ತೆರೆಯಲೂ ಇಲ್ಲ. ನಾಚಿಕೆಯಾಗಿತ್ತು, ತಡವಾಗಿಯಾದರೂ ಆಯಿತಲ್ಲ.

ನಿಜವಾದ ತಿಥಿಯ ಸೋಮವಾರ ಅವನೊಬ್ಬನೇ ಬಂದ. ಪೀಠದ ಮುಂದೆ ಅಂಟಕ್ಕಿ ಅನ್ನ, ಇಡಿಯಾಗಿ ಬೇಯಿಸಿದ ಕೋಳಿ, ಕಳಲೆಯ ಸಾರು, ಎಲ್ಲ ಇತ್ತು. ಎಂದಿನ ಏಳು ಹರಿವಾಣದ ಜಾಗದಲ್ಲಿ ಒಂದೇ ಹರಿವಾಣ. ಪ್ರತಿ ವರ್ಷ ಕಾಲಿಡಲು ಜಾಗವಿರದ ಜಗಲಿಯಲ್ಲಿ ಎರಡೇ ಜೊತೆ ಚಪ್ಪಲಿ.

“ಯಾರೋ ಹೇಳಿದ್ದು ಇವತ್ತು ಅಂತ? ಫೋನಾ?” ಎಂದಳು ಲುಯೆನ್.

ಅವನು ಊದುಬತ್ತಿ ಹಚ್ಚಿ, ಚಾಪೆಯ ಮೇಲೆ ಕೂತು, ಜೀವಮಾನದ ಮೊದಲ ಪ್ರಶ್ನೆ ಕೇಳಿದ.

“ಅಕ್ಕಾ, ಯಾವ ವರ್ಷ ಹದಿಮೂರು ತಿಂಗಳು ಬರತ್ತೆ ಅಂತ ಹೆಂಗ್ ಗೊತ್ತಾಗತ್ತೆ? ನಿಂಗ್ಯಾರು ಹೇಳ್ಕೊಟ್ರು?”

ಲುಯೆನ್ ಕೋಳಿ ಕತ್ತರಿಸುತ್ತಲೇ ಹೇಳಿದಳು: “ಅಮ್ಮ. ಇದೇ ಚಾಪೆ ಮೇಲೆ, ಬೆರಳು ಮಡಚಿ ಮಡಚಿ ಹೇಳ್ಕೊಟ್ಳು. ನೀನೂ ಪಕ್ಕದಲ್ಲೇ ಕೂತಿದ್ದೆ. ನಿನ್ನನ್ನ ಎರಡು ಸಲ ಕರೆದ್ಲು. ರೇಡಿಯೋ ಬಿಚ್ಕೊಂಡು, ನಾನೇ ಕಲೀತೀನಿ ಹೋಗು ಅಂದೆ.”